ತೊಡೆಯ ಗಂಟು, ತಲೆಯ ಫಿಟ್ಸು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಮನೆಯವು. ಪಾಂಡವಪುರದ ಅಪ್ಪ, ನಾಗಮಂಗಲದ ಸೋದರಮಾವ, ಕೆ.ಆರ್. ಪೇಟೆಗೆ ಮದುವೆಯಾಗಿ ಹೋದ ಅಕ್ಕ, ಮೂವರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಹುಡುಗಿಯ ಬಗ್ಗೆ ಬರೆದಿದ್ದಾರೆ. ಹುಡುಗಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ತೆಗೆದು ಉತ್ತರಿಸಿದ್ದೇನೆ. ಕಾಯಿಲೆ ಬಹಳ ಅಪರೂಪದ್ದು. ಆದರೆ ಇವರು ಕೇಳಿರುವುದರಲ್ಲಿ ಮುಕ್ಕಾಲು ಪಾಲು, ಯಾವುದೇ ಕ್ಯಾನ್ಸರ್ ಮಿದುಳಿಗೆ ಹೋದ ಮನೆಯವರು ಕೇಳುವಂಥದ್ದೇ.

ಮಗಳಿಗೆ 23 ವರ್ಷ. ಮೂರು ವರ್ಷದ ಹಿಂದೆ ಬಲತೊಡೆಯಲ್ಲಿ ಗಂಟು ಇತ್ತು, ನೋವಿರಲಿಲ್ಲ. ಕೊಬ್ಬಿನ ಗಂಟು ಅಂತ ಹತ್ತಿರದಲ್ಲೇ ತೆಗೆಸಿದೆವು. ವಿಪರೀತ ರಕ್ತ ಹೋಯಿತು. ರಿಪೋರ್ಟಿನಲ್ಲಿ ‘ಆಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾ’ ಅಂತ ಬಂತು. ಆಮೇಲೆ ದೊಡ್ಡ ಆಪರೇಷನ್, ಕರೆಂಟು ಎಲ್ಲ ಆಯಿತು. ಚೆನ್ನಾಗೇ ಇದ್ದಳು. ಹೋದ ತಿಂಗಳು ಫಿಟ್ಸ್ ಬಂತು. ತಲೆಯಲ್ಲಿ ಎರಡು ಗೆಡ್ಡೆ, ಎದೆಯಲ್ಲಿ ಸಣ್ಣ ಸಣ್ಣ ಚುಕ್ಕೆ ಅಂತಾರೆ. ಕತ್ತಿ ಮುಟ್ಟಿಸಿದ್ದಕ್ಕೇ ತಲೆಗೆ ಹತ್ತಿತು ಅಂತ ಊರವರ ಮಾತು. ಲಾಸ್ಟ್ ಸ್ಟೇಜು, ಮನೆಗೆ ಕರಕೊಂಡು ಹೋಗಿ ಅಂತ ಒಬ್ಬರು ಅಂದರು. ಜಮೀನು ಮಾರಲಾ, ಸುಮ್ಮನಿರಲಾ?
– ತಂದೆ, ಪಾಂಡವಪುರ ತಾಲ್ಲೂಕು

ಜಮೀನಿನ ಮಾತು ಆಮೇಲೆ. ಮೊದಲು ಕತ್ತಿಯ ಮಾತು ಮುಗಿಸೋಣ, ಅದು ನಿಮ್ಮನ್ನು ಒಳಗೊಳಗೇ ತಿನ್ನುತ್ತಿದೆ.

ತೊಡೆಗೆ ಕತ್ತಿ ಹಾಕಿದ್ದರಿಂದ ತಲೆಗೆ ಗೆಡ್ಡೆ ಬರಲಿಲ್ಲ. ಈ ಗೆಡ್ಡೆಯ ಒಳಗೆಲ್ಲ ರಕ್ತನಾಳಗಳೇ ಹೆಣೆದುಕೊಂಡಿರುತ್ತವೆ. ಆಪರೇಷನ್ನಿನಲ್ಲಿ ಅಷ್ಟು ರಕ್ತ ಹೋದದ್ದು ಅದಕ್ಕೇ. ಕೆಲವರಲ್ಲಿ ಗಂಟಿನ ಮೇಲೆ ಕೈಯಿಟ್ಟರೆ ನಾಡಿಯಂತೆ ಮಿಡಿಯುತ್ತದೆ, ಸ್ಕ್ಯಾನಿಂಗ್ ಮಾಡಿದವರು ರಕ್ತನಾಳದ ಗಂಟು ಎಂದೇ ಬರೆದುಕೊಡುವುದೂ ಉಂಟು. ಇಂಥ ಗೆಡ್ಡೆಯ ಜೀವಕೋಶಗಳು ಯಾರ ಕೈಯೂ ಮುಟ್ಟುವ ಮುನ್ನವೇ ರಕ್ತದಲ್ಲಿ ಹೊರಟು ಶ್ವಾಸಕೋಶ, ಮೂಳೆ, ಮಿದುಳು ಸೇರಿರಬಹುದು. ಸೇರಿ ವರ್ಷಗಟ್ಟಲೆ ಸದ್ದಿಲ್ಲದೆ ಕೂರುತ್ತವೆ. ಪರೀಕ್ಷೆ ಇಲ್ಲದೆ ಗಂಟು ತೆಗೆದದ್ದು ಸರಿಯಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದರಿಂದ ಆದ ನಷ್ಟ ತೊಡೆಗೆ: ಅಲ್ಲೇ ಉಳಿಕೆ ಉಳಿಯುವ ಅಪಾಯ, ಎರಡನೇ ದೊಡ್ಡ ಆಪರೇಷನ್. ತಲೆಯ ಲೆಕ್ಕ ಬೇರೆ. ಊರವರ ಮಾತನ್ನು ಮಗಳ ಕಿವಿಗೆ ಬೀಳಿಸಬೇಡಿ.

ಈ ಕಾಯಿಲೆಯನ್ನು ಮೊದಲು ಬೇರೆಯಾಗಿ ಗುರುತಿಸಿ ಹೆಸರಿಟ್ಟವರು ಕ್ರಿಸ್ಟೋಫರ್ಸನ್, ಫೂಟ್, ಸ್ಟುವರ್ಟ್ ಎಂಬ ಮೂವರು ವೈದ್ಯರು, 1952ರಲ್ಲಿ. ಸಾರ್ಕೋಮಾ ಎನ್ನುವುದೇ ಕಡಿಮೆ ಜನಕ್ಕೆ ಬರುವ ಕ್ಯಾನ್ಸರ್. ಮಾಂಸಖಂಡ, ಕೊಬ್ಬು, ನರದಂಥ ಮೃದು ಭಾಗಗಳಲ್ಲಿ ಹುಟ್ಟುವ ಸಾರ್ಕೋಮಾಗಳಲ್ಲೂ ಇದು ನೂರಕ್ಕೆ ಒಂದರಷ್ಟು ಕೂಡ ಇಲ್ಲ. ಸಾಮಾನ್ಯವಾಗಿ 15ರಿಂದ 35ರೊಳಗಿನವರಿಗೆ ಬರುತ್ತದೆ, ಚಿಕ್ಕ ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ತುಸು ಹೆಚ್ಚು. ದೊಡ್ಡವರಿಗೆ ತೊಡೆ, ಪೃಷ್ಠದಲ್ಲಿ, ಮಕ್ಕಳಿಗೆ ನಾಲಿಗೆ ಅಥವಾ ಕಣ್ಣಗುಳಿಯಲ್ಲಿ. ಉಳಿದ ಸಾರ್ಕೋಮಾಗಳು ಮಿದುಳಿಗೆ ಹೋಗುವುದು ಅಪರೂಪ. ಇದು ಹೋಗುತ್ತದೆ. ಅದಕ್ಕೇ ಈ ಹೆಸರು ರಿಪೋರ್ಟಿನಲ್ಲಿ ಕಂಡರೆ, ತಲೆನೋವು ಇರಲಿ ಬಿಡಲಿ, ಮಿದುಳಿನ ಎಂಆರ್‌ಐ ಮಾಡಿಸುವುದು ಒಳ್ಳೆಯದು.

‘ಲಾಸ್ಟ್ ಸ್ಟೇಜು’ ಎಂದವರು ಪುಸ್ತಕದ ಪ್ರಕಾರ ತಪ್ಪು ಹೇಳಿಲ್ಲ, ನಾಲ್ಕನೇ ಹಂತವೇ. ಆದರೆ ನಾಲ್ಕನೇ ಹಂತದ ಕ್ಯಾನ್ಸರ್‌ಗಳೆಲ್ಲ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಇದು ಅವುಗಳಲ್ಲಿ ನಿಧಾನದ್ದು. ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಯವರು ತಮ್ಮಲ್ಲಿ ದಶಕಗಳ ಕಾಲ ನೋಡಿದ ರೋಗಿಗಳ ಲೆಕ್ಕವನ್ನು 1989ರಲ್ಲಿ ಪ್ರಕಟಿಸಿದರು. ಪತ್ತೆಯಾದಾಗ ಎಲ್ಲೂ ಹರಡದೇ ಇದ್ದವರಲ್ಲಿ 5 ವರ್ಷಕ್ಕೆ ಶೇ 60, 10 ವರ್ಷಕ್ಕೆ ಶೇ 38, 20 ವರ್ಷಕ್ಕೆ ಶೇ 15 ಮಂದಿ ಬದುಕಿದ್ದರು. ಇದನ್ನು ಎರಡು ಬಗೆಯಲ್ಲಿ ಓದಬೇಕು. ಹತ್ತು ವರ್ಷ ಕಳೆದರೂ ‘ಗೆದ್ದೆವು’ ಎಂದು ಕೂರುವಂತಿಲ್ಲ ಎನ್ನುವುದು ಒಂದು. ಹರಡಿಕೊಂಡೂ ವರ್ಷಗಟ್ಟಲೆ ಓಡಾಡಿಕೊಂಡಿರುವವರು ಇದ್ದಾರೆ ಎನ್ನುವುದು ಇನ್ನೊಂದು. ಈ ಅಂಕಿಗಳು ಹೊಸ ಔಷಧಿಗಳು ಬರುವ ಮುಂಚಿನವು. ಮಿದುಳಿಗೆ ಬಂದವರ ದಾರಿ ಇದಕ್ಕಿಂತ ಕಷ್ಟದ್ದು ಎಂದೂ ಹೇಳಬೇಕು, ನಿಮಗೆ ಸಿಹಿಮಾತು ಬೇಕಿಲ್ಲ ಎಂದು ಪತ್ರದಲ್ಲೇ ಕಾಣುತ್ತದೆ.

ಈಗ ಏನು ಮಾಡಬೇಕು? ತಲೆಯದಕ್ಕೆ ಅವಸರ, ಎದೆಯದಕ್ಕೆ ತಾಳ್ಮೆ. ನಾನು ನೋಡಿದ ಮನೆಗಳಲ್ಲಿ ಬಹುಪಾಲು ಇದು ತಿರುಗುಮುರುಗು ಆಗುತ್ತದೆ. ಎದೆಯ ಚುಕ್ಕೆ ಕಂಡು ಗಾಬರಿಬಿದ್ದು ಊರೂರು ಅಲೆಯುತ್ತಾರೆ, ತಲೆಯ ಗೆಡ್ಡೆಗೆ ಕೈ ಹಾಕಲು ಹೆದರಿ ವಾರಗಳನ್ನು ಕಳೆಯುತ್ತಾರೆ. ಶ್ವಾಸಕೋಶದ ಸಣ್ಣ ಚುಕ್ಕೆಗಳು ಈ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ಬೆಳೆಯದೆ ಇರಬಹುದು. ಮಿದುಳಿನದು ಹಾಗಲ್ಲ, ರಕ್ತನಾಳ ತುಂಬಿದ ಗೆಡ್ಡೆಯಾದ್ದರಿಂದ ಒಳಗೇ ರಕ್ತಸ್ರಾವವಾಗುವ ಭಯವಿದೆ.

ಎರಡೇ ಗೆಡ್ಡೆ ಎನ್ನುವುದು ಇದ್ದುದರಲ್ಲಿ ಒಳ್ಳೆಯ ಸುದ್ದಿ. ದೊಡ್ಡದಾಗಿ ಸುತ್ತಲೂ ಊತ ಕೊಟ್ಟಿರುವ ಗೆಡ್ಡೆ ತೆಗೆಯಲು ಬರುವ ಜಾಗದಲ್ಲಿದ್ದರೆ ನರಶಸ್ತ್ರಚಿಕಿತ್ಸಕರು ತೆಗೆದು, ಆ ಜಾಗಕ್ಕೆ ವಿಕಿರಣ ಕೊಡಿಸುತ್ತಾರೆ. 3 ಸೆಂಟಿಮೀಟರಿಗಿಂತ ಚಿಕ್ಕವಕ್ಕೆ ತಲೆಬುರುಡೆ ತೆರೆಯದೆ ರೇಡಿಯೋಸರ್ಜರಿ ಸಾಕಾಗಬಹುದು. ಗಾಮಾ ನೈಫ್ ಎಂದು ಹೆಸರಿದ್ದರೂ ಅದರಲ್ಲಿ ಚಾಕುವಿಲ್ಲ. ಸುಮಾರು 200 ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಗೆಡ್ಡೆಯ ಮೇಲೆ ಮಾತ್ರ ಕೂಡುತ್ತವೆ, ಹೆಚ್ಚಾಗಿ ಒಂದೇ ದಿನದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಯಂತ್ರವಿದೆ. ಅದರ ಪಕ್ಕದಲ್ಲೇ, 1973ರಿಂದ ಇರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ. ನಿಮಗೆ ಎರಡೂ ಕಡೆಯವರು ಬೇಕು. ಒಂದು ಕಡೆಯ ಚೀಟಿ ಇನ್ನೊಂದು ಕಡೆಗೆ ನಡೆದುಕೊಂಡೇ ಒಯ್ಯಬಹುದಾದ ಇಂಥ ಅನುಕೂಲ ದೇಶದಲ್ಲಿ ಹೆಚ್ಚು ಕಡೆ ಇಲ್ಲ.

ಇಡೀ ತಲೆಗೆ ಕರೆಂಟು, ಅಂದರೆ ವಿಕಿರಣ, ಕೊಡೋಣ ಎಂದು ಯಾರಾದರೂ ಮೊದಲಿಗೇ ಹೇಳಿದರೆ, ರೇಡಿಯೋಸರ್ಜರಿ ಯಾಕೆ ಆಗುವುದಿಲ್ಲ ಎಂದು ಕೇಳಿ. ಕೇಳುವುದು ಅಗೌರವವಲ್ಲ. ಈ ಗೆಡ್ಡೆ ಸಣ್ಣ ಪ್ರಮಾಣದ ವಿಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಇಡೀ ತಲೆಗೆ ಕೊಟ್ಟರೆ ನೆನಪಿನ ಶಕ್ತಿಗೂ ಪೆಟ್ಟು. ಗೆಡ್ಡೆಗಳು ಹಲವಾರು ಇದ್ದಾಗ ಅದೂ ಬೇಕಾಗಬಹುದು, ನಿಮ್ಮದು ಎರಡು.

ಜಮೀನು ಮಾರಬೇಡಿ, ಕನಿಷ್ಠ ಈಗಲೇ ಬೇಡ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕುಟುಂಬಕ್ಕೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಆಸ್ಪತ್ರೆಗೆ ಹೋದ ದಿನವೇ ಅಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಾಣಿ. ದುಡ್ಡು ಕಟ್ಟಿ ಆಮೇಲೆ ಕೇಳಿದರೆ ವಾಪಸು ಸಿಗುವುದು ಕಷ್ಟ.

ಕೀಮೋ ಬೇಡ ಅಂತ ಡಾಕ್ಟ್ರು ಹೇಳಿಬಿಟ್ಟರು. ಕ್ಯಾನ್ಸರಿಗೆ ಕೀಮೋ ಕೊಡದೆ ಇನ್ನೇನು ಕೊಡ್ತಾರೆ? ಬಡವರು ಅಂತ ಕೈಬಿಟ್ಟರಾ? ನಮ್ಮೂರಿನ ಒಬ್ಬರಿಗೆ ಆರು ಕೀಮೋ ಕೊಟ್ಟು ವಾಸಿ ಆಗಿದೆ. ಇಮ್ಯುನೋಥೆರಪಿ ಅಂತ ಇದೆಯಂತೆ, ಅದು ನಮಗೆ ಆಗುತ್ತಾ?
– ಸೋದರಮಾವ, ನಾಗಮಂಗಲ ತಾಲ್ಲೂಕು

ಕೈಬಿಟ್ಟಿಲ್ಲ. ನಿಮ್ಮ ಡಾಕ್ಟ್ರು ಓದಿಕೊಂಡವರು. ಸಾರ್ಕೋಮಾಗಳಿಗೆ ಸಾಮಾನ್ಯವಾಗಿ ಕೊಡುವ ಡಾಕ್ಸೋರುಬಿಸಿನ್ ಮುಂತಾದ ಕೀಮೋ ಈ ಒಂದು ಬಗೆಯ ಮೇಲೆ ಕೆಲಸ ಮಾಡುವುದು ತೀರಾ ಕಡಿಮೆ. ಕೊಟ್ಟರೆ ಕೂದಲು ಉದುರುತ್ತದೆ, ಹೃದಯಕ್ಕೆ ಹೊರೆ, ಗೆಡ್ಡೆ ಇದ್ದಲ್ಲೇ ಇರುತ್ತದೆ. ನಿಮ್ಮೂರಿನವರಿಗೆ ಬಂದದ್ದು ಬೇರೆ ಕ್ಯಾನ್ಸರ್.

ಕಾರಣ ಇಷ್ಟು. ಈ ಗೆಡ್ಡೆಯ ಜೀವಕೋಶದೊಳಗೆ ಎಕ್ಸ್ ಮತ್ತು 17ನೇ ವರ್ಣತಂತುಗಳ ತುಂಡುಗಳು ಸ್ಥಳ ಬದಲಿಸಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಂಟಿದ ಜಾಗದಲ್ಲಿ ಟಿಎಫ್‌ಇ3 ಎಂಬ ಜೀನ್ ಇನ್ನೊಂದು ಜೀನಿನ ಜೊತೆ ಬೆರೆತು, ಹೊಸ ರಕ್ತನಾಳ ಕರೆಸಿಕೊಳ್ಳುವ ಕೆಲಸವನ್ನು ನಿಲ್ಲಿಸದೆ ನಡೆಸುತ್ತದೆ. ಆ ಜೋಡಣೆ ಯಾವುದು ಎಂದು ಗೊತ್ತಾದದ್ದು 2001ರಲ್ಲಿ. ರಿಪೋರ್ಟಿನಲ್ಲಿ ಟಿಎಫ್‌ಇ3 ಪರೀಕ್ಷೆ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ತೆಗೆದ ಗೆಡ್ಡೆಯ ತುಣುಕನ್ನು ಮೇಣದಲ್ಲಿ ಇಟ್ಟಿರುವ ಹಳೆಯ ಪ್ಯಾರಫಿನ್ ಬ್ಲಾಕ್ ಕೇಳಿ ಪಡೆದು ಮಾಡಿಸಿ, ಏಕೆಂದರೆ ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರ್ ಕೂಡ ಸೂಕ್ಷ್ಮದರ್ಶಕದಲ್ಲಿ ಹೀಗೇ ಕಾಣಬಹುದು. ಬ್ಲಾಕ್ ರೋಗಿಯದು. ಕೇಳಿದರೆ ಕೊಡಬೇಕು.

ರಕ್ತನಾಳವೇ ಇದರ ಊರುಗೋಲು ಎಂದಾದ ಮೇಲೆ, ಅದನ್ನು ತಡೆಯುವ ಮಾತ್ರೆಗಳೇ ದಾರಿಯಾದವು. ಸುನಿಟಿನಿಬ್, ಪಾಜೋಪಾನಿಬ್ ಮಾತ್ರೆಗಳ ಜೆನೆರಿಕ್ ರೂಪ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಹಲವರಲ್ಲಿ ಗೆಡ್ಡೆ ಬೆಳೆಯದೆ ನಿಲ್ಲುತ್ತದೆ, ಕೆಲವರಲ್ಲಿ ಕುಗ್ಗುತ್ತದೆ. ಬಿಪಿ ಏರುತ್ತದೆ, ಭೇದಿ, ಅಂಗಾಲು ಉರಿ. ಪಾಜೋಪಾನಿಬ್ ತೆಗೆದುಕೊಳ್ಳುವವರ ಕೂದಲು ಬೆಳ್ಳಗಾಗುವುದುಂಟು, ಹುಡುಗಿಗೆ ಇದನ್ನು ಮೊದಲೇ ಹೇಳಿ, 23ರ ವಯಸ್ಸಿಗೆ ಅದು ಸಣ್ಣ ಮಾತಲ್ಲ. ಈ ಮಾತ್ರೆಗಳು ರಕ್ತಸ್ರಾವದ ಸಂಭವ ಹೆಚ್ಚಿಸಿ ಗಾಯ ಮಾಗುವುದನ್ನು ನಿಧಾನ ಮಾಡುವುದರಿಂದ, ತಲೆಯ ಕೆಲಸ ಮುಗಿದು ನರಶಸ್ತ್ರಚಿಕಿತ್ಸಕರು ಸರಿ ಎಂದ ಮೇಲೇ ಶುರು.

ಇಮ್ಯುನೋಥೆರಪಿಯ ಬಗ್ಗೆ ನೀವು ಕೇಳಿದ್ದು ನಿಜ. ಅಟೆಜೋಲಿಜುಮಾಬ್ ಎಂಬ ಔಷಧಿಗೆ ಅಮೆರಿಕದ ಔಷಧ ನಿಯಂತ್ರಕರು 2022ರ ಡಿಸೆಂಬರಿನಲ್ಲಿ ಇದೇ ಕಾಯಿಲೆಗೆ, 2 ವರ್ಷ ಮೇಲ್ಪಟ್ಟವರಿಗೆ, ಒಪ್ಪಿಗೆ ಕೊಟ್ಟರು. ಒಪ್ಪಿಗೆಗೆ ಆಧಾರವಾದದ್ದು 49 ಮಂದಿಯ ಲೆಕ್ಕ. ಅಷ್ಟು ಅಪರೂಪದ ಕಾಯಿಲೆಗೆ ಅದೇ ದೊಡ್ಡ ಸಂಖ್ಯೆ. ಅವರಲ್ಲಿ 12 ಜನರ ಗೆಡ್ಡೆ ಗಣನೀಯವಾಗಿ ಕುಗ್ಗಿತು, ಆ 12ರಲ್ಲಿ ಐವರಿಗೆ ಒಂದು ವರ್ಷ ಮೀರಿ ಹಾಗೇ ನಿಂತಿತು. ಮುಂದೆ ಇನ್ನಷ್ಟು ದಿನ ನೋಡಿ ಬರೆದ ವರದಿಯಲ್ಲಿ 52ರಲ್ಲಿ 19 ಜನ. ಅಂದರೆ ನಾಲ್ವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರಿಗೆ. ಮಿದುಳಿನ ಗೆಡ್ಡೆಯಿಂದ ತೊಂದರೆ ಕಾಣಿಸಿಕೊಂಡಿದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ. ತಲೆಗೆ ಮೊದಲು ಚಿಕಿತ್ಸೆ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ.

ಖರ್ಚು? ಮೂರು ವಾರಕ್ಕೊಮ್ಮೆ ಕೊಡಬೇಕು, ಪ್ರತಿ ಸಲವೂ ಲಕ್ಷದ ಮಾತು. ಸಾಮಾನ್ಯ ಪ್ಯಾಕೇಜಿನಲ್ಲಿ ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ನಿವೋಲುಮಾಬ್ ಎಂಬ ಇದೇ ಜಾತಿಯ ಔಷಧಿಯನ್ನು 20 ಮಿಲಿಗ್ರಾಂನಷ್ಟು ಸಣ್ಣ ಡೋಸಿನಲ್ಲಿ ಕೊಟ್ಟು, ಬಾಯಿ–ಗಂಟಲಿನ ಕ್ಯಾನ್ಸರಿನಲ್ಲಿ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16ರಿಂದ ಶೇ 43ಕ್ಕೆ ಏರಿದ್ದನ್ನು 2022ರಲ್ಲಿ ತೋರಿಸಿದರು. ಅದು ಬೇರೆ ಕ್ಯಾನ್ಸರಿನ ಲೆಕ್ಕ. ಆದರೂ ಕಿದ್ವಾಯಿಯಲ್ಲಿ ಅಥವಾ ಟಾಟಾದಲ್ಲಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ: ಸಣ್ಣ ಡೋಸು ಸಾಧ್ಯವೇ, ಕಂಪನಿಯ ನೆರವಿನ ಯೋಜನೆ ಇದೆಯೇ, ಯಾವುದಾದರೂ ಪ್ರಯೋಗ ನಡೆಯುತ್ತಿದೆಯೇ? ಮುಂಬೈಗೆ ಹೋಗುವುದಾದರೆ ಕ್ಯಾನ್ಸರ್ ರೋಗಿಗೂ ಜೊತೆಗೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಸಾಕು.

ಮಾತ್ರೆ ಮೊದಲೋ ಇಮ್ಯುನೋಥೆರಪಿ ಮೊದಲೋ ಎಂಬುದನ್ನು ಪತ್ರದಲ್ಲಿ ಹೇಳುವವರು ಬುದ್ಧಿವಂತರಲ್ಲ. ನಾನೂ ಹೇಳುವುದಿಲ್ಲ.

ನಮ್ಮ ಕೊನೇ ತಂಗಿಗೆ ಸಂಬಂಧ ನೋಡುತ್ತಿದ್ದಾರೆ. ಇದು ವಂಶದ ಕಾಯಿಲೆಯಾ? ನಮ್ಮಪ್ಪ ಅಮ್ಮ ಸೋದರ ಸಂಬಂಧದಲ್ಲಿ ಆದವರು, ಅದರಿಂದ ಬಂತಾ? ನನ್ನ ಮಗು ಚಿಕ್ಕಮ್ಮನ ತಟ್ಟೇಲೇ ಊಟ ಮಾಡುತ್ತೆ.
– ಅಕ್ಕ, ಕೆ.ಆರ್. ಪೇಟೆ ತಾಲ್ಲೂಕು

ವಂಶದ್ದಲ್ಲ. ಮೇಲೆ ಹೇಳಿದ ವರ್ಣತಂತುವಿನ ಎಡವಟ್ಟು ಆ ಗೆಡ್ಡೆಯ ಜೀವಕೋಶಗಳಲ್ಲಿ ಮಾತ್ರ, ಹುಟ್ಟಿದ ಎಷ್ಟೋ ವರ್ಷದ ಮೇಲೆ ಆದದ್ದು. ಅಪ್ಪ ಅಮ್ಮನಿಂದ ಬಂದದ್ದಲ್ಲ, ತಂಗಿಗೆ ಹೋಗುವುದೂ ಇಲ್ಲ. ಸೋದರ ಸಂಬಂಧದಿಂದ ಬೇರೆ ಕೆಲವು ಕಾಯಿಲೆಗಳು ಬರುವುದುಂಟು, ಇದು ಆ ಪಟ್ಟಿಯಲ್ಲಿಲ್ಲ. ಅಂಟುರೋಗವೂ ಅಲ್ಲ, ಮಗು ಅದೇ ತಟ್ಟೆಯಲ್ಲಿ ಉಣ್ಣಲಿ.

ಗಂಡಿನ ಕಡೆಯವರಿಗೆ ಹೇಳಬೇಕಾ ಎಂದು ನೀವು ಕೇಳಿಲ್ಲ, ಆದರೆ ಪತ್ರದ ಒಳಗೆ ಅದೇ ಇದೆ. ಹೇಳಿಬಿಡಿ. ಬೇಕಾದರೆ ಈ ಪುಟವನ್ನೇ ಕೊಡಿ. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಬೇರೆ: ಸಂಬಂಧ ಕುದುರುವವರೆಗೆ ಕಾಯಿಲೆ ಹುಡುಗಿಯನ್ನು ಬೆಂಗಳೂರಿಗೆ ಕರಕೊಂಡು ಹೋಗುವುದನ್ನು ಮುಂದಕ್ಕೆ ಹಾಕಿದ್ದಾರೆ ಎಂದು ನೀವು ಬರೆದ ಸಾಲು. ಹಾಕಬಾರದು. ಒಂದು ವಾರವೂ.

ಯಜಮಾನರಿಗೆ ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಬಂದಿದೆ. ಎರಡು ಸಲ ಫಿಟ್ಸ್ ಆಯಿತು. ಕೈಗೆ ಬೀಗದಕೈ ಕೊಟ್ಟೆವು. ಡೆಕ್ಸಾ ಮಾತ್ರೆ ಕೊಟ್ಟ ಮೇಲೆ ತಲೆನೋವು ಹೋಯಿತು, ಅದಕ್ಕೇ ನಿಲ್ಲಿಸಿದೆವು. ಈಗ ಮತ್ತೆ ವಾಂತಿ. ನಾಟಿ ಔಷಧಿಯೂ ನಡೀತಿದೆ. ಗದ್ದೆಗೆ ಹೋಗ್ತೀನಿ ಅಂತ ಹಟ ಮಾಡ್ತಾರೆ.
– ಹೆಂಡತಿ, ಶ್ರೀರಂಗಪಟ್ಟಣ ತಾಲ್ಲೂಕು

ಈ ಪುಟ ಓದುವ ತನಕ ಕಾಯದೆ ಆಸ್ಪತ್ರೆಗೆ ಹೋಗಿ ಎಂದು ಫೋನಿನಲ್ಲಿ ಹೇಳಿದ್ದೆ, ಹೋಗಿದ್ದೀರಿ. ಉಳಿದವರಿಗಾಗಿ ಬರೆಯುತ್ತೇನೆ.

ಡೆಕ್ಸಾ, ಅಂದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಗೆಡ್ಡೆಯನ್ನು ಕರಗಿಸುವುದಿಲ್ಲ, ಸುತ್ತಲಿನ ಊತ ಇಳಿಸುತ್ತದೆ. ಒಂದೆರಡು ದಿನದಲ್ಲಿ ತಲೆನೋವು ಮಾಯವಾದಾಗ ವಾಸಿಯಾಯಿತು ಎನಿಸುವುದು ಸಹಜ. ಥಟ್ಟನೆ ನಿಲ್ಲಿಸಿದರೆ ಊತ ಮರಳುತ್ತದೆ, ಮೈ ಕೂಡ ಕುಸಿಯಬಹುದು, ಏಕೆಂದರೆ ದೇಹ ತಾನೇ ಮಾಡುವ ಸ್ಟೀರಾಯ್ಡನ್ನು ಅಷ್ಟರಲ್ಲಿ ನಿಲ್ಲಿಸಿರುತ್ತದೆ. ವೈದ್ಯರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರುತ್ತದೆ, ಪರೀಕ್ಷೆ ಮಾಡಿಸುತ್ತಿರಿ. ಇಮ್ಯುನೋಥೆರಪಿ ಶುರುಮಾಡುವವರಲ್ಲಿ ಇದರ ಡೋಸು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಅದು ವೈದ್ಯರ ಲೆಕ್ಕ.

ಫಿಟ್ಸ್ ಬಂದಾಗ ಬೀಗದಕೈ, ಕಬ್ಬಿಣ, ಈರುಳ್ಳಿ ಯಾವುದೂ ಬೇಡ. ಎಡಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಗುಂಡಿ ಬಿಚ್ಚಿ, ಸುತ್ತ ಚೂಪಾದದ್ದು ಇದ್ದರೆ ಸರಿಸಿ. ಬಾಯಿಗೆ ಚಮಚ ತುರುಕಬೇಡಿ, ನೀರು ಬಿಡಬೇಡಿ. ಕೈಯಲ್ಲಿ ಗಡಿಯಾರ ನೋಡಿ: 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಎರಡನೆಯದು ಬಂದರೆ, 108. ಸಾಧ್ಯವಿದ್ದರೆ ಮೊಬೈಲಿನಲ್ಲಿ ವಿಡಿಯೊ ತೆಗೆದಿರಿ, ವೈದ್ಯರಿಗೆ ನಿಮ್ಮ ವರ್ಣನೆಗಿಂತ ಅದು ಉಪಯೋಗ.

ಗದ್ದೆಗೆ ಹೋಗಲಿ, ಬದುವಿನ ಮೇಲೆ ಕೂತು ಆಳಿಗೆ ಹೇಳಿ ಮಾಡಿಸಲಿ. ಒಬ್ಬರೇ ಹೋಗುವುದು, ಬೈಕು, ಟ್ರ್ಯಾಕ್ಟರು, ಪಂಪ್‌ಸೆಟ್ಟಿನ ಬೆಲ್ಟು, ತೆಂಗಿನಮರ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ನಾಲೆಗೆ ಇಳಿಯುವುದು ಬೇಡ. ನಿಮ್ಮ ಕಡೆಯ ನಾಲೆಗಳಲ್ಲಿ ನೀರು ಬಿಟ್ಟಾಗ ಗಟ್ಟಿಮುಟ್ಟಾದ ಈಜುಗಾರರೂ ಕೊಚ್ಚಿಹೋಗುತ್ತಾರೆ, ಮೂರ್ಛೆ ಬರುವವರಿಗೆ ಮಂಡಿ ಆಳದ ನೀರೂ ಸಾಕು.

ನಾಟಿ ಔಷಧಿಯ ಬಗ್ಗೆ ಬೈಯುವುದರಿಂದ ಜನ ನಿಲ್ಲಿಸಿದ್ದನ್ನು ನಾನು ನೋಡಿಲ್ಲ, ಬಚ್ಚಿಟ್ಟು ಕೊಡುವುದನ್ನು ನೋಡಿದ್ದೇನೆ. ಕೊಡುತ್ತಿದ್ದರೆ ವೈದ್ಯರಿಗೆ ಹೇಳಿ. ಕ್ಯಾನ್ಸರ್ ಮಾತ್ರೆಗಳಲ್ಲಿ ಹಲವು ಯಕೃತ್ತಿಗೆ ಹೊರೆ. ಪರೀಕ್ಷೆಯಲ್ಲಿ ಯಕೃತ್ತು ಕೆಟ್ಟದ್ದು ಕಂಡಾಗ, ಗೊತ್ತಿಲ್ಲದ ಕಷಾಯದ ತಪ್ಪಿಗೆ ಗೊತ್ತಿರುವ ಮಾತ್ರೆಯನ್ನು ನಿಲ್ಲಿಸಿಬಿಡುತ್ತಾರೆ.

ನೋವಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ರಾತ್ರಿ ಮಲಗಲು ಬಿಡುವುದಿಲ್ಲ ಎಂದು. ಮಾರ್ಫಿನ್ ಮಾತ್ರೆ ಕೇಳಿ. ‘ಅಭ್ಯಾಸ ಆಗಿಬಿಡುತ್ತೆ’ ಎಂದು ಹೆದರಬೇಡಿ. 2014ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳಿಗೆ ಅದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸಲೀಸು. ಉಪಶಮನ ಆರೈಕೆ ಸಾಯುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮ ವೈದ್ಯರಲ್ಲೇ ಇದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಅದು ಶುರುವಾಗಬೇಕು. ಮನೆಯಲ್ಲಿ ನೋಡಿಕೊಳ್ಳುವುದು ಕೈಮೀರಿದಾಗ ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ.

ಕ್ಯಾನ್ಸರ್ ಇದ್ದವರು ಬೆಲ್ಲ, ಸಕ್ಕರೆ ಮುಟ್ಟಲೇಬಾರದಂತೆ?
– ಆಲೆಮನೆಯವರು, ಪಾಂಡವಪುರ ತಾಲ್ಲೂಕು

ಮುಟ್ಟಬಹುದು. ಸಕ್ಕರೆ ಬಿಟ್ಟು ಗೆಡ್ಡೆಯನ್ನು ಉಪವಾಸ ಕೆಡವಿದವರು ಯಾರೂ ಇಲ್ಲ, ರೋಗಿ ಮಾತ್ರ ಸೊರಗುತ್ತಾನೆ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಮತ್ತು ಡಯಾಬಿಟಿಸ್ ಇರುವವರು ಮಿತಿಯಲ್ಲಿರಲಿ.

ಆಟೋ ಓಡಿಸ್ತೀನಿ, 29 ವರ್ಷ. ಎಡತೊಡೆ ಒಳಗೆ ಗಂಟು ಇದೆ, ಎಂಟು ತಿಂಗಳಿಂದ. ನೋವೇ ಇಲ್ಲ. ಸ್ವಲ್ಪ ಬೆಳೆದಿದೆ ಅನಿಸುತ್ತೆ. ಒಬ್ಬರು ಹತ್ತು ನಿಮಿಷದಲ್ಲಿ ತೆಗೆದುಕೊಡ್ತೀನಿ ಅಂದಿದ್ದಾರೆ. ತೆಗೆಸಲಾ?
– ಕೆ.ಆರ್. ಪೇಟೆ ತಾಲ್ಲೂಕು

ಬೇಡ. ಹತ್ತು ನಿಮಿಷದವರ ಹತ್ತಿರ ಬೇಡ.

ಹೆಚ್ಚಿನ ಗಂಟುಗಳು ಬರೀ ಕೊಬ್ಬು, ನಿಮ್ಮದೂ ಹಾಗೇ ಇರಬಹುದು. ಆದರೆ ನೋವಿಲ್ಲ ಎನ್ನುವುದು ಧೈರ್ಯದ ಮಾತಲ್ಲ, ಸಾರ್ಕೋಮಾಗಳು ಶುರುವಿನಲ್ಲಿ ನೋಯುವುದು ಕಡಿಮೆ. ಗಂಟು 5 ಸೆಂಟಿಮೀಟರಿಗಿಂತ, ಅಂದರೆ ದೊಡ್ಡ ನಿಂಬೆಹಣ್ಣಿಗಿಂತ ದಪ್ಪವಿದೆಯೇ, ಬೆಳೆಯುತ್ತಿದೆಯೇ, ತೊಡೆ ಬಿಗಿಹಿಡಿದಾಗ ಅಲುಗದೆ ಮಾಂಸದೊಳಗೆ ನಿಲ್ಲುತ್ತದೆಯೇ? ಒಂದಕ್ಕೆ ಹೌದು ಎಂದರೂ ಕತ್ತಿಗೆ ಮುಂಚೆ ಎಂಆರ್‌ಐ, ಆಮೇಲೆ ದಪ್ಪ ಸೂಜಿಯ ಬಯಾಪ್ಸಿ. ಸೂಜಿ ಹಾಕಿದರೆ ಹರಡುತ್ತದೆ, ಗಾಳಿ ಸೇರುತ್ತದೆ ಎನ್ನುವುದು ಸುಳ್ಳು. ಮುಂದೆ ಆಪರೇಷನ್ ಮಾಡಬೇಕಾದ ಶಸ್ತ್ರಚಿಕಿತ್ಸಕರೇ ಸೂಜಿ ಎಲ್ಲಿ ಹೋಗಬೇಕೆಂದು ಹೇಳಿದರೆ ಇನ್ನೂ ಒಳ್ಳೆಯದು, ಆ ದಾರಿಯನ್ನೂ ಸೇರಿಸಿ ತೆಗೆಯುತ್ತಾರೆ.

ನಿಮಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್ ಹತ್ತಿರ. ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಸ್ಕ್ಯಾನಿಂಗ್ ಅಲ್ಲೇ ಮಾಡಿಸಿ. ಸಂಶಯ ಬಂದರೆ ಅಲ್ಲಿಂದಲೇ ಪತ್ರ ತೆಗೆದುಕೊಂಡು ಕಿದ್ವಾಯಿಗೆ ಹೋಗಿ, ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ನನಗೆ ಕಳಿಸಿರುವ ತೊಡೆಯ ಫೋಟೊದಿಂದ ನಾನು ಏನೂ ಹೇಳಲಾರೆ.